ನೊಗದ ಮೇಲಿನ ಭಾರ

ಅಮೆರಿಕದ ಕೊಲರಾಡೊದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ವಾರ ದೂರವಾಣಿಯಲ್ಲಿ ಬಹಳ ಸಂಭ್ರಮದಿಂದ ಮಾತನಾಡಿದ. ಹಾಸಿಗೆ, ಒಲೆ, ಸ್ನಾನದ ಮನೆಗಳೆಲ್ಲ ಇರುವ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪ್ರವಾಸದ ಟ್ರೈಲರ್ ಒಂದಕ್ಕೆ ಮುಂಗಡ ಕೊಟ್ಟಿದ್ದಾನಂತೆ. "ನಮ್ಮ ಕಾರು 2,250 ಕಿಲೋ ಎಳೆಯುತ್ತದೆ, ಟ್ರೈಲರಿನ ತೂಕ 1,700 ಮಾತ್ರ. ಧಾರಾಳವಾಯಿತಲ್ಲವೇ ಮೇಷ್ಟ್ರೇ?" ಎಂದ. ಅವನಿಗೆ ಕೂಡುವುದು ಕಳೆಯುವುದನ್ನು ಕಲಿಸಿದವನು ನಾನೇ ಆದ್ದರಿಂದ ಸುಮ್ಮನಿರಲಾಗಲಿಲ್ಲ.

ನಾನು ಚಿಕ್ಕವನಾಗಿದ್ದಾಗ ಹಲಸೂರಿನಿಂದ ದಂಡಿನ ಕಡೆಗೆ ಮೂಟೆ ಹೊತ್ತ ಎತ್ತಿನ ಗಾಡಿಗಳು ಹೋಗುತ್ತಿದ್ದವು. ಮೂಟೆ ಪೇರಿಸಿದ ಮೇಲೆ ಗಾಡಿಯವರು ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದರು. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಒಂದೆರಡು ಮೂಟೆಗಳನ್ನು ಅತ್ತಿತ್ತ ಸರಿಸಿದ ನಂತರವೇ ಹೊರಡುವುದು. ಟ್ರಿನಿಟಿ ಚರ್ಚಿನ ಕಡೆಯ ಏರಿನಲ್ಲಿ ಮುಂದಕ್ಕೆ ಸರಿದು ಮೂಕಿಯ ಬಳಿ ಕೂರುತ್ತಿದ್ದರು. ಇದನ್ನು ಅವರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ಟ್ರೈಲರಿನ ಕಥೆಯೂ ಇದೇ. 1,700 ಎಂಬುದು ಖಾಲಿ ಟ್ರೈಲರಿನ ತೂಕ. 150 ಲೀಟರ್ ನೀರು ತುಂಬಿದರೆ 150 ಕಿಲೋ. ಗ್ಯಾಸ್, ಬ್ಯಾಟರಿ, ಪಾತ್ರೆ, ಹೊದಿಕೆ ಸೇರಿ 2,100 ಆಗುವುದು ಕಷ್ಟವಲ್ಲ. ಅದರಲ್ಲಿ ಶೇಕಡ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೈಲರ್ ಬಾಲದಂತೆ ಓಲಾಡತೊಡಗಿ ಕಾರನ್ನೇ ರಸ್ತೆಯಿಂದಾಚೆ ಎಳೆದೀತು. ಶೇಕಡ 12 ಎಂದರೂ 250 ಕಿಲೋ. ಈ ಭಾರವನ್ನು ಕಾರು ಎಳೆಯುವುದಲ್ಲ, ಹೊರುವುದು. ಆ ದೇಶದಲ್ಲಿ ಚಾಲಕನ ಬಾಗಿಲ ಬಳಿ, ಜನ ಮತ್ತು ಸಾಮಾನು ಸೇರಿ ಇಷ್ಟಕ್ಕಿಂತ ಹೆಚ್ಚು ಹೇರಬಾರದೆಂಬ ಚೀಟಿ ಇರುತ್ತದೆ. ಓದಿ ಹೇಳಪ್ಪಾ ಎಂದೆ. 540 ಕಿಲೋ ಎಂದ. ಮನೆಮಂದಿ ನಾಲ್ವರು 280, ಪೆಟ್ಟಿಗೆಗಳು 70, ಕೊಂಡಿಯ ಭಾರ 250. ಒಟ್ಟು 600! ಎಳೆಯುವ ಲೆಕ್ಕದಲ್ಲಿ ಪಾಸು, ಹೊರುವ ಲೆಕ್ಕದಲ್ಲಿ ನಪಾಸು.

ಇನ್ನು ಬೆಟ್ಟದ ಮಾತು. ಅವನಿರುವ ಡೆನ್ವರ್ ನಗರವೇ 5,280 ಅಡಿ ಎತ್ತರದಲ್ಲಿದೆ. ಪಶ್ಚಿಮಕ್ಕೆ ಹೋಗುವ ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲೆ. ಟರ್ಬೋ ಇಲ್ಲದ ಇಂಜಿನ್ನು ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಏರನ್ನಾದರೂ ನಿಧಾನವಾಗಿ ಹತ್ತಬಹುದು. ಇಳಿಜಾರಿನಲ್ಲಿ ಎರಡು ಟನ್ ಬೆನ್ನಟ್ಟಿ ನೂಕುವಾಗ ತಡೆದು ನಿಲ್ಲಿಸುವ ಶಕ್ತಿ ಬೇಕಲ್ಲ? ಕೆ.ಆರ್. ಪುರದ ಕಡೆ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಹೋದವರಿಗೆ ಆ ಭಯ ಗೊತ್ತು.

ನಮ್ಮ ದೇಶದ ಭಾರ ಎಳೆಯುವ ಪ್ರಾಣಿಗಳ 1965ರ ನಿಯಮಗಳು ಎತ್ತಿನ ಗಾತ್ರ, ಚಕ್ರದ ಬಗೆ ನೋಡಿ ಹೊರೆಯ ಮಿತಿ ಇಟ್ಟಿವೆ. ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ ಕಡಿದಾದ ಏರಿದ್ದರೆ ಮಿತಿ ಅರ್ಧಕ್ಕಿಳಿಯುತ್ತದೆ. ಎತ್ತಿಗೆ ತೋರಿದ ಈ ವಿವೇಕ ಕಾರು ಮಾರುವವರ ಹೊಳಪು ಕಾಗದದಲ್ಲಿ ಕಾಣಲಿಲ್ಲ; ಅಲ್ಲಿ ದೊಡ್ಡಕ್ಷರದಲ್ಲಿದ್ದುದು 2,250 ಒಂದೇ.

ಚಿಕ್ಕ ಟ್ರೈಲರ್ ನೋಡು, ಇಲ್ಲವೇ ಕಾರು ಬದಲಿಸು. ಯಾವುದನ್ನೇ ಕೊಂಡರೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ನೀರು ತುಂಬಿ, ಲಾರಿಗಳ ತೂಕದ ಕಟ್ಟೆಯ ಮೇಲೆ ಒಮ್ಮೆ ನಿಲ್ಲಿಸು ಎಂದು ಪತ್ರ ಬರೆದಿದ್ದೇನೆ. ಮುಂಗಡದ ಹಣ ವಾಪಸು ಬರುವುದಿಲ್ಲವಂತೆ. ಹೋದರೆ ಹೋಗಲಿ ಎಂದೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.