ತಟ್ಟೆಗಿಂತ ಮೊದಲು ಕೈಗೆ

ಮಕ್ಕಳ ತಟ್ಟೆಯಿಂದ ಏನನ್ನು ತೆಗೆಯಬೇಕು ಎಂಬ ಚಿಂತೆ ಈಗ ದೊಡ್ಡ ಶಹರಗಳಿಗಷ್ಟೇ ಸೇರಿದ್ದಲ್ಲ. ಗದಗ-ಬೆಟಗೇರಿಯ ಓಣಿಗಳಲ್ಲೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲೂ ಎಳೆಯ ತಾಯಂದಿರು ಮೊಬೈಲಿನಲ್ಲಿ ಹೊಸ ಬಗೆಯ ಅಡುಗೆ ನೋಡುತ್ತಾರೆ. ಗಜ್ಜರಿ, ಸೌತೆಕಾಯಿ, ಸೋರೆಕಾಯಿಗಳನ್ನು ಶಾವಿಗೆಯಂತೆ ಎಳೆ ಎಳೆಯಾಗಿ ಹೆರೆದು, ಅನ್ನ, ರೊಟ್ಟಿ, ಚಪಾತಿ ಯಾವುದೂ ಇಲ್ಲದೆ ಅದನ್ನೇ ಒಂದು ಹೊತ್ತಿನ ಊಟವಾಗಿಸುವ ಅಡುಗೆ ಅದು. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡಿ ಎಂಬ ಸಲಹೆಯೂ ಅದರ ಬೆನ್ನಿಗೇ ಬರುತ್ತದೆ. ಒಟ್ಟಿಗೆ ಬರುವುದರಿಂದ ಇವೆರಡೂ ಒಂದೇ ಮಾತು ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಇವು ಎರಡು. ಧಾನ್ಯ ಬಿಡಿ ಎಂಬ ಮೊದಲನೆಯ ಮಾತು ನಮ್ಮ ಭಾಗದ ಮಕ್ಕಳಿಗೆ ಬೇಕಿಲ್ಲ. ಅದರಿಂದ ಹಾನಿಯೂ ಆದೀತು. ಮಕ್ಕಳ ಕೈಗೆ ಅಡುಗೆಯ ಕೆಲಸ ಕೊಡಿ ಎಂಬ ಎರಡನೆಯ ಮಾತು ಮಾತ್ರ ಇಂದು ತುರ್ತಾಗಿ ಬೇಕಾಗಿದೆ. ಮಗುವಿನ ಊಟದ ರೂಢಿ ಬೆಳೆಯುವುದು ಪರಿಚಯದಿಂದ. ನಿಷೇಧಕ್ಕೆ ಆ ಶಕ್ತಿಯಿಲ್ಲ.

ಧಾನ್ಯದ ವಿಚಾರವನ್ನು ಮೊದಲು ನೋಡೋಣ. ನೂರು ಗ್ರಾಂ ಸೌತೆಕಾಯಿಯಿಂದ ಸಿಗುವ ಶಕ್ತಿ ಸುಮಾರು 15 ಕ್ಯಾಲರಿ, ಗಜ್ಜರಿಯಿಂದ 40ರ ಆಸುಪಾಸು. ಅಷ್ಟೇ ತೂಕದ ಜೋಳದಲ್ಲಿ ಸುಮಾರು 330 ಕ್ಯಾಲರಿ ಇದೆ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 1,300ಕ್ಕೂ ಹೆಚ್ಚು ಕ್ಯಾಲರಿ ಬೇಕು, ಅದರ ಹೊಟ್ಟೆಯೋ ಚಿಕ್ಕದು. ಬರೀ ಕಾಯಿಪಲ್ಲೆಯ ಎಳೆಗಳಿಂದ ಹೊಟ್ಟೆ ತುಂಬಿದ ಮಗು ಉಂಡಂತೆ ಕಾಣುತ್ತದೆ, ಆದರೆ ಓಡಾಡಲು, ಬೆಳೆಯಲು ಬೇಕಾದ ಬಲ ಅದಕ್ಕೆ ಸಿಕ್ಕಿರುವುದಿಲ್ಲ. ಮಕ್ಕಳ ತೂಕ ಮಿತಿ ಮೀರುತ್ತಿರುವ ನಾಡುಗಳಲ್ಲಿ ಇಂಥ ಸಲಹೆಗೆ ಏನಾದರೂ ಅರ್ಥವಿದ್ದೀತು. ನಮ್ಮ ಪರಿಸ್ಥಿತಿ ಅದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದವರಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಇದೆ. ಇಂಥ ನೆಲದಲ್ಲಿ ಮಗುವಿನ ಮುಂದಿನ ರೊಟ್ಟಿಯನ್ನು ಎತ್ತಿಡುವವರು ಅದರ ಬದಲಿಗೆ ಏನು ಇಡುತ್ತೇವೆ ಎಂಬುದನ್ನು ಮೊದಲು ಹೇಳಬೇಕು.

ಗೋದಿಯ ಗ್ಲುಟೆನ್ ಎಂಬ ಅಂಶ ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ ಎಂಬುದು ನಿಜ. ಸೀಲಿಯಾಕ್ ಎಂಬ ಕಾಯಿಲೆ ಇರುವವರು ಜೀವನಪರ್ಯಂತ ಗೋದಿ, ಬಾರ್ಲಿಗಳನ್ನು ಬಿಡಬೇಕು. ಅದನ್ನು ಪರೀಕ್ಷೆ ಮಾಡಿ ಹೇಳಬೇಕಾದವರು ವೈದ್ಯರು. ಹಾಗೆ ಖಚಿತವಾದ ಮಗುವಿಗೂ ನಮ್ಮ ಸೀಮೆಯಲ್ಲಿ ಧಾನ್ಯವೇ ಇಲ್ಲದ ಊಟ ಬೇಕಾಗುವುದಿಲ್ಲ. ಜೋಳ, ಸಜ್ಜೆ, ನವಣೆ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಗದಗಿನ ಎರೆಹೊಲದಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಬೇರೆ ಧಾನ್ಯದ ಬೀಸುಕಲ್ಲಿಗೆ ತಾಗದೆ ಹಿಟ್ಟಾಗಿ ಬಂದರೆ, ಆ ಮಗುವಿಗೆ ಅದೇ ನೆಮ್ಮದಿಯ ಊಟ.

ಧಾನ್ಯವಿಲ್ಲದ ಊಟ ನಮಗೆ ಅಪರಿಚಿತವೂ ಅಲ್ಲ. ಏಕಾದಶಿಗೆ, ಶಿವರಾತ್ರಿಗೆ ಗೆಣಸು, ಶೇಂಗಾ, ಸಾಬೂದಾಣಿ, ಹಾಲು, ಹಣ್ಣು ಉಂಡು ದಿನ ಕಳೆಯುವ ರೂಢಿ ಮನೆಮನೆಯಲ್ಲಿದೆ. ಆದರೆ ಆ ರೂಢಿ ಕಟ್ಟಿದವರು ಎರಡು ಎಚ್ಚರಗಳನ್ನು ಜೊತೆಗಿಟ್ಟರು. ಒಂದು, ಅದು ಒಂದು ದಿನದ ವ್ರತ. ಮರುದಿನ ಮತ್ತೆ ರೊಟ್ಟಿ ಬಡಿಯಬೇಕು. ಎರಡು, ಬಸುರಿಯರಿಗೆ, ಕಾಯಿಲೆಯವರಿಗೆ, ಚಿಕ್ಕ ಮಕ್ಕಳಿಗೆ ಉಪವಾಸದ ಕಟ್ಟುಪಾಡಿಲ್ಲ. ಬೆಳೆಯುವ ಮೈಗೆ ಏನು ಬೇಕೆಂಬುದು ಅವರಿಗೆ ತಿಳಿದಿತ್ತು.

ಹಾಗಿದ್ದರೂ ಕಾಯಿಪಲ್ಲೆಯ ಶಾವಿಗೆಯನ್ನು ಹೊರದೇಶದ ಹುಚ್ಚು ಎಂದು ತಳ್ಳಿಹಾಕುವುದು ಸರಿಯಲ್ಲ. ನಮ್ಮ ಮಕ್ಕಳ ತಟ್ಟೆಯಲ್ಲಿ ಧಾನ್ಯದ ಪಾಲು ಮಿತಿಮೀರಿದೆ. ಮುಂಜಾನೆ ಅವಲಕ್ಕಿ ಇಲ್ಲವೇ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಮೈದಾದ ನೂಡಲ್ಸ್, ರಾತ್ರಿ ಮತ್ತೆ ಅನ್ನ. ಪಲ್ಲೆಯನ್ನು ತಟ್ಟೆಯ ಅಂಚಿಗೆ ಸರಿಸಿ ಏಳುವ ಮಕ್ಕಳೇ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ತಟ್ಟೆಯ ಅರ್ಧಭಾಗ ತರಕಾರಿ, ಹಣ್ಣು, ಗಡ್ಡೆಗೆಣಸುಗಳಿಂದ ತುಂಬಿರಬೇಕೆಂದೂ ಧಾನ್ಯದಿಂದ ಬರುವ ಶಕ್ತಿ ನೂರಕ್ಕೆ 45ನ್ನು ಮೀರಬಾರದೆಂದೂ ಹೇಳುತ್ತದೆ. ಧಾನ್ಯವನ್ನು ಬಿಡಬೇಕಿಲ್ಲ, ಅದರ ಮಗ್ಗುಲಿಗೆ ಕಾಯಿಪಲ್ಲೆಗೆ ಜಾಗ ಮಾಡಿಕೊಡಬೇಕು. ಹಳೆಯ ರೊಟ್ಟಿ ಊಟದಲ್ಲಿ ಆ ಜಾಗ ಇದ್ದೇ ಇತ್ತು: ಹಸಿ ಮೂಲಂಗಿ, ಉಳ್ಳಾಗಡ್ಡಿ, ಎಳೆ ಮೆಂತೆಪಲ್ಲೆ, ಸೌತೆಕಾಯಿ, ಗುರೆಳ್ಳು ಹಿಂಡಿ ಬೆರೆಸಿದ ಪಚಡಿ. ಹದಿನಾರನೇ ಶತಮಾನದ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯೊಂದರಿಂದಲೇ ಹಲವು ಬಗೆಯ ಅಡುಗೆಗಳಿವೆ. ಕಾಯಿಪಲ್ಲೆಯನ್ನು ಊಟದ ನಡುವೆ ಕೂರಿಸುವುದು ಕನ್ನಡದ ಅಡುಗೆಮನೆಗೆ ಹೊಸ ಪಾಠವೇನಲ್ಲ.

ಈಗ ನಿಜವಾದ ಕಷ್ಟಕ್ಕೆ ಬರೋಣ. ತಟ್ಟೆಗೆ ಹಾಕಿದ ಮಾತ್ರಕ್ಕೆ ಮಗು ತಿನ್ನುವುದಿಲ್ಲ. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೊಸ ತಿನಿಸಿನ ಬಗ್ಗೆ ಹೆದರಿಕೆ ಹೆಚ್ಚು; ಅದು ಹಟಮಾರಿತನ ಅಲ್ಲ, ಆ ವಯಸ್ಸಿನ ಸ್ವಭಾವ. ಒಂದು ಕಾಯಿಪಲ್ಲೆ ಒಗ್ಗಲು ಎಂಟು-ಹತ್ತು ಸಲ, ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು ಸಲ ಅದರ ಪರಿಚಯ ಆಗಬೇಕೆಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ನಾವು ಎರಡು ಸಲ ಬಡಿಸಿ, ಮೂರನೆಯ ಸಲ ಬೈದು, ‘ಇವ ತಿನ್ನಂಗಿಲ್ಲ ಬಿಡ್ರಿ’ ಎಂದು ಕೈಬಿಡುತ್ತೇವೆ. ಪರಿಚಯವೆಂದರೆ ನಾಲಿಗೆಯದಷ್ಟೇ ಅಲ್ಲ. ಮುಟ್ಟುವುದು, ಮೂಸುವುದು, ಮುರಿದಾಗ ಬರುವ ಸಪ್ಪಳ ಕೇಳುವುದು ಎಲ್ಲವೂ ಪರಿಚಯವೇ. ಅಡುಗೆಗೆ ಕೂತ ಮಗುವಿಗೆ ಒಂದೇ ಸಂಜೆಯಲ್ಲಿ ಇಷ್ಟೂ ಸಿಗುತ್ತವೆ, ತಿನ್ನು ಎಂಬ ಒತ್ತಾಯ ಇಲ್ಲದೆ ಸಿಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಆರರಿಂದ ಹತ್ತು ವರ್ಷದ 47 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಂದೆ ಅಥವಾ ತಾಯಿಯ ಜೊತೆ ಸೇರಿ ಅಡುಗೆ ಮಾಡಿದ ಮಕ್ಕಳು ಉಳಿದವರಿಗಿಂತ ಮುಕ್ಕಾಲು ಪಾಲು ಹೆಚ್ಚು ಹಸಿ ತರಕಾರಿ ತಿಂದರು. ಅದು ಒಂದು ಚಿಕ್ಕ ಅಧ್ಯಯನ, ಒಂದು ಹೊತ್ತಿನ ಊಟದ್ದು. ಆದರೂ ತಾಯಂದಿರ ಅನುಭವಕ್ಕೆ ಅದು ಹೊಂದುತ್ತದೆ.

ನಮ್ಮ ಮನೆಯಲ್ಲಿ ತಂಗಿಯ ಐದು ವರ್ಷದ ಮಗ ಈ ಶಾವಿಗೆ ಮಾಡುವಾಗ ನಾನು ಕಂಡದ್ದನ್ನು ಹೇಳುತ್ತೇನೆ. ಯಂತ್ರವೇನೂ ಬೇಕಾಗಲಿಲ್ಲ, ಸಂತೆಯಲ್ಲಿ ಸಿಗುವ ಪೀಲರ್ ಸಾಕಾಯಿತು. ಪರಾತದ ಮೇಲೆ ಸೌತೆಕಾಯಿಯನ್ನು ಅಡ್ಡ ಮಲಗಿಸಿ, ತನ್ನಿಂದ ದೂರಕ್ಕೆ ಪೀಲರ್ ಎಳೆದು, ಉದ್ದುದ್ದ ಪಟ್ಟಿ ತೆಗೆದ. ನಡುವಿನ ಬೀಜದ ತಿರುಳು ಬಂದಾಗ ನಿಲ್ಲಿಸಿ ಇನ್ನೊಂದು ಮಗ್ಗುಲಿಗೆ ತಿರುಗಿಸಿದ. ಗಜ್ಜರಿಯನ್ನೂ ಹಾಗೆಯೇ ಹೆರೆದು ಬೇರೆ ಇಟ್ಟ. ಎರಡಕ್ಕೂ ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟಾಗ ಸೌತೆಕಾಯಿಯ ಪರಾತದ ತುಂಬ ನೀರು. ‘ದೊಡ್ಡವ್ವಾ, ನಾ ನೀರ ಹಾಕೇ ಇಲ್ಲ, ಇಷ್ಟ ನೀರ ಎಲ್ಲಿಂದ ಬಂತು?’ ಎಂದ. ‘ಸೌತಿಕಾಯಿ ಒಳಗ ಇತ್ತು, ಉಪ್ಪು ಹೊರಗ ಕರಕೊಂಡ ಬಂತು’ ಎಂದೆ. ‘ಮತ್ತ ಗಜ್ಜರಿ ಯಾಕ ಬಿಡಲಿಲ್ಲ?’ ಎಂದು ಕೇಳಿದ. ಗಟ್ಟಿ ಕಾಯಿ, ನೀರುಕಾಯಿ ಎಂಬ ಭೇದವನ್ನು ಅವನೇ ಕಂಡುಕೊಂಡಿದ್ದ. ಎಳೆಗಳನ್ನು ಹಿಂಡಿ, ಆ ನೀರನ್ನು ಮಜ್ಜಿಗೆಗೆ ಸುರಿದೆವು. ಗಜ್ಜರಿ ಪಟ್ಟಿಗಳನ್ನು ನಾನು ಸಣ್ಣಗೆ ಸೀಳಿ ಹಬೆಯಲ್ಲಿ ಮೆತ್ತಗಾಗಿಸಿದೆ. ಮೇಲೆ ಒಂದು ಚಮಚ ಶೇಂಗಾ ಎಣ್ಣೆಯ ಒಗ್ಗರಣೆ, ಖಾರ ಹಾಕದ ಶೇಂಗಾ ಪುಡಿ, ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು. ಗಜ್ಜರಿಯ ಕೆಂಪಿನಲ್ಲಿರುವ ಎ ಜೀವಸತ್ವದ ಅಂಶ ಮೈಗೆ ಹತ್ತಬೇಕಾದರೆ ಆ ಎಣ್ಣೆ ಬೇಕು. ಮೈ ಬೆಳೆಯಬೇಕಾದರೆ ಆ ಹೆಸರು, ಶೇಂಗಾ ಬೇಕು. ಪಕ್ಕದಲ್ಲಿ ಅರ್ಧ ಬಿಸಿ ರೊಟ್ಟಿ. ಹೆರೆಯುವಾಗಲೇ ಅವನು ಎಷ್ಟೋ ಎಳೆಗಳನ್ನು ಬಾಯಿಗೆ ಹಾಕಿಕೊಂಡಿದ್ದ. ಬಡಿಸಿದ ಸೌತೆಕಾಯಿಯನ್ನು ಅಂಚಿಗೆ ಸರಿಸುತ್ತಿದ್ದ ಹುಡುಗನೇ ಅವನು.

ವಯಸ್ಸಿಗೆ ತಕ್ಕ ಕೆಲಸ ಕೊಡುವುದು ಇಲ್ಲಿ ಮುಖ್ಯ. ಮೂರು ವರ್ಷದ ಮಗು ಕಾಯಿ ತೊಳೆಯಬಹುದು, ಮೆಂತೆ ಎಲೆ ಬಿಡಿಸಬಹುದು, ಬಟಾಣಿ ಸುಲಿಯಬಹುದು. ಐದರ ಮಗು ದೊಡ್ಡವರು ಪಕ್ಕದಲ್ಲಿದ್ದಾಗ ಪೀಲರ್ ಹಿಡಿಯಬಹುದು. ಈಳಿಗೆಮಣೆ ಬೇಡ, ಅದರಲ್ಲಿ ಅಲಗು ನಿಂತಿರುತ್ತದೆ, ಕೈಯೇ ಅಲಗಿನ ಕಡೆ ಹೋಗಬೇಕು. ಒಲೆಯ ಕೆಲಸ ದೊಡ್ಡವರದೇ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹಸಿ ಗಜ್ಜರಿಯ ಗಟ್ಟಿ ತುಂಡು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಅದನ್ನು ಬೇಯಿಸಿ, ಎಳೆಗಳನ್ನು ಗಿಡ್ಡಗೆ ಕತ್ತರಿಸಿಯೇ ಕೊಡಬೇಕು.

ಮಕ್ಕಳಿಗೆ ಅಡುಗೆಯಲ್ಲಿ ಪಾಲು ಕೊಡುವ ರೂಢಿಯೂ ನಮ್ಮಲ್ಲಿತ್ತು. ಬೇಸಿಗೆಯಲ್ಲಿ ಶಾವಿಗೆ ಹೊಸೆಯುವಾಗ ದೊಡ್ಡವರು ಮಣೆಯ ಮೇಲೆ ಕೂತು ಎಳೆ ತೆಗೆದರೆ, ಅದನ್ನು ಹಿಡಿದು ಕೋಲಿನ ಮೇಲೆ ಹರವುವುದು, ಕಾಗೆ ಕಾಯುವುದು ಹುಡುಗರ ಪಾಲಿನ ಕೆಲಸ. ಪಂಚಮಿಗೆ ಉಂಡಿ ಕಟ್ಟುವಾಗ ಪುಟ್ಟ ಕೈಗಳಿಗೂ ಒಂದು ಹಿಡಿ ಹಿಟ್ಟು ಸಿಗುತ್ತಿತ್ತು. ಈಗ ಶಾವಿಗೆ ಪಾಕೀಟಿನಲ್ಲಿ, ಉಂಡಿ ಅಂಗಡಿಯಿಂದ. ಅಡುಗೆಮನೆಯಿಂದ ಮಕ್ಕಳು ಹೊರಬಿದ್ದದ್ದು ಹೀಗೆ, ಯಾರೂ ಹೋಗು ಎನ್ನದೆ. ಆ ಹೊತ್ತನ್ನು ಮೊಬೈಲ್ ತುಂಬಿತು.

ಮಕ್ಕಳ ಕೈಗೆ ಅಡುಗೆಯ ಕೆಲಸ ಕೊಡಿ ಎಂಬ ಮಾತಿಗೆ ಗಂಭೀರವಾದ ಒಂದು ಆಕ್ಷೇಪವಿದೆ. ನಮ್ಮ ಎಷ್ಟೋ ಬಡ ಮನೆಗಳಲ್ಲಿ ಹೆಣ್ಣುಮಕ್ಕಳು ಎಂಟು-ಹತ್ತು ವರ್ಷಕ್ಕೇ ಅಡುಗೆ ಹೊರುತ್ತಾರೆ. ಅವ್ವ ಕೂಲಿಗೆ ಹೋದಾಗ ರೊಟ್ಟಿ ಬಡಿದು ತಮ್ಮಂದಿರಿಗೆ ಉಣಿಸಿ ಶಾಲೆ ತಪ್ಪಿಸಿಕೊಂಡ ಹುಡುಗಿಗೆ, ಅಡುಗೆ ಕಲಿ ಎಂದು ಉಪದೇಶ ಮಾಡುವುದು ಕ್ರೌರ್ಯ. ಬೆಟಗೇರಿಯ ನೇಕಾರರ ಮನೆಗಳಿಗೂ ಈ ಪ್ರಶ್ನೆ ಗೊತ್ತು: ಅಪ್ಪನ ಪಕ್ಕ ಕೂತು ಕಂಡಿಕೆ ಸುತ್ತುವ ಮಗು ಒಂದು ಕಸುಬನ್ನು ಕಲಿಯುತ್ತದೆ, ಶಾಲೆ ಬಿಡಿಸಿ ದಿನವಿಡೀ ಸುತ್ತಿಸಿದರೆ ಅದೇ ಮಗು ಬಾಲ್ಯ ಕಳೆದುಕೊಳ್ಳುತ್ತದೆ. ಕಲಿಕೆಗೂ ದುಡಿಮೆಗೂ ನಡುವಿನ ಗೆರೆಯನ್ನು ಮೂರು ಪ್ರಶ್ನೆಗಳಿಂದ ಎಳೆಯಬಹುದು. ಮಗು ಸಾಕು ಎಂದಾಗ ಎದ್ದು ಹೋಗಲು ಬಿಡುತ್ತೇವೆಯೇ? ಅದು ಮಾಡದಿದ್ದರೂ ಮನೆಯ ಊಟ ನಡೆಯುತ್ತದೆಯೇ? ಆ ಕೆಲಸಕ್ಕೆ ಮಗಳಂತೆಯೇ ಮಗನೂ ಕೂರುತ್ತಾನೆಯೇ? ಮೂರಕ್ಕೂ ಹೌದು ಎಂದರೆ ಅದು ಕಲಿಕೆ. ಮೂರನೆಯದಕ್ಕೆ ನಾನು ಹೆಚ್ಚು ಒತ್ತು ಕೊಡುತ್ತೇನೆ. ಮೆಂತೆಪಲ್ಲೆ ಬಿಡಿಸುತ್ತಾ ಬೆಳೆದ ಹುಡುಗ ಮುಂದೆ ಹೆಂಡತಿ ಹಾಸಿಗೆ ಹಿಡಿದ ದಿನ ಹಸಿದು ಕೂರುವುದಿಲ್ಲ, ಅವಳನ್ನು ಹಸಿವಿನಲ್ಲಿಡುವುದೂ ಇಲ್ಲ.

ಹೊತ್ತಿಲ್ಲ, ನೀರಿಲ್ಲ, ಕಾಯಿಪಲ್ಲೆ ತುಟ್ಟಿ ಎಂಬ ಮಾತುಗಳನ್ನೂ ಒಪ್ಪುತ್ತೇನೆ. ಮುಂಡರಗಿಯ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಸಿಗುವಷ್ಟು ಹಸಿರು ಮಳೆಯನ್ನೇ ನೆಚ್ಚಿದ ಊರುಗಳಲ್ಲಿ ಬೇಸಿಗೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಇದನ್ನು ದಿನದ ನೇಮ ಮಾಡಬೇಕಿಲ್ಲ. ವಾರಕ್ಕೊಮ್ಮೆ, ಸಂತೆ ಮುಗಿಸಿ ಚೀಲ ತಂದ ಸಂಜೆ, ಅಗ್ಗಕ್ಕೆ ಸಿಕ್ಕ ಒಂದೇ ಕಾಯಿ ಸಾಕು. ಯಾವ ಕಾಯಿ ಎಂದು ಆರಿಸುವ ಹಕ್ಕನ್ನೂ ಮಗುವಿಗೇ ಕೊಡಬಹುದು. ಅಂಗನವಾಡಿಗಳಲ್ಲಿ, ಕೈತೋಟವಿರುವ ಶಾಲೆಗಳಲ್ಲಿ ಬಿಸಿಯೂಟದ ಪಲ್ಲೆಯ ಎಲೆ ಬಿಡಿಸುವ ಕಾಲು ಗಂಟೆಯನ್ನು, ಒಲೆಯಿಂದ ದೂರ, ಹುಡುಗ ಹುಡುಗಿಯರಿಗೆಲ್ಲ ಒಂದು ಪಾಠವಾಗಿ ಇಡಬಹುದು. ಲೆಕ್ಕ, ವಿಜ್ಞಾನ, ಸರದಿ ಕಾಯುವ ಶಿಸ್ತು ಮೂರೂ ಅದರಲ್ಲಿವೆ.

ಇಂದಿನ ಮಕ್ಕಳು ದೊಡ್ಡವರಾದಾಗ ಅವರ ಮುಂದೆ ಇನ್ನೂ ಎಷ್ಟೋ ಪಾಕೀಟುಗಳು, ಎಷ್ಟೋ ಪಥ್ಯಗಳು, ಎಷ್ಟೋ ಹೆದರಿಕೆಗಳು ಬರುತ್ತವೆ. ಇದನ್ನು ಬಿಡು, ಅದನ್ನು ಬಿಡು ಎಂಬ ಪಟ್ಟಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಆಗ ನಾವು ಅವರ ಪಕ್ಕದಲ್ಲಿ ಇರುವುದಿಲ್ಲ. ಕಾಯಿಯನ್ನು ಮುಟ್ಟಿ ಎಳೆಯದೋ ಬಲಿತದ್ದೋ ಹೇಳಬಲ್ಲ, ಹಸಿದಾಗ ಒಂದು ಹೊತ್ತಿನ ಊಟವನ್ನು ತಾನೇ ಮಾಡಿಕೊಳ್ಳಬಲ್ಲ ಮನುಷ್ಯನಿಗೆ ಆ ಪಟ್ಟಿಗಳು ಹೆದರಿಕೆ ಹುಟ್ಟಿಸಲಾರವು. ರೊಟ್ಟಿಯನ್ನು ತಟ್ಟೆಯಲ್ಲಿ ಇರಗೊಡಿ, ಮಕ್ಕಳ ಕೈಗೆ ಕಾಯಿಪಲ್ಲೆ ಕೊಡಿ. ಮಗನಿಗೂ ಕೊಡಿ, ಮಗಳಿಗೂ ಕೊಡಿ, ಈ ವಾರವೇ ಕೊಡಿ.