ರಂಜಕದ ಸಾಲನ್ನು ಅಳಿಸಬೇಡಿ

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಬೆಳ್ಳಂದೂರು ಕೆರೆ ಸೇರುವ ಒಂದು ರಾಜಕಾಲುವೆಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಲ್ಯಾಬಿಗೆ ತಂದಿದ್ದೆವು. (ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದರು, ಅದು ಬೇರೆ ಕಥೆ.) ರಂಜಕ, ಅಂದರೆ ಫಾಸ್ಫರಸ್ ಅಳೆಯುವ ಪರೀಕ್ಷೆ ನಿಮಗೂ ಗೊತ್ತು. ಮಾಲಿಬ್ಡೇಟ್ ಹಾಕಿ, ಸ್ಟ್ಯಾನಸ್ ಕ್ಲೋರೈಡ್ ಹಾಕಿದರೆ ನೀರು ನೀಲಿಯಾಗುತ್ತೆ. ನೀಲಿ ಗಾಢವಾದಷ್ಟೂ ರಂಜಕ ಜಾಸ್ತಿ. ನಮ್ಮ ಟ್ಯೂಬ್ ಪೆನ್ನಿನ ಇಂಕಿನ ಹಾಗೆ ಆಯ್ತು. ಮತ್ತೆ ಮತ್ತೆ ನೀರು ಬೆರೆಸಿ ತೆಳು ಮಾಡಿದ ಮೇಲೇ ಯಂತ್ರ ಓದಿದ್ದು. ಲ್ಯಾಬ್ ಸರ್ ನಕ್ಕು, "ಇದಕ್ಕೆ ಮಿತಿ ಎಷ್ಟು ಗೊತ್ತೇನ್ರೋ?" ಅಂದರು. ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಮಿತಿಗಿಂತ ಮೊದಲು ಸಿಕ್ಕಿದ್ದು ಮಿತಿಯ ಬಗೆಗಿನ ಜಗಳ.

2015ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಕರಡು ಹೊರಡಿಸಿತು. ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನಲ್ಲಿ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬ ಸಾಲು ಅದರಲ್ಲಿತ್ತು. 2017ರ ಅಕ್ಟೋಬರ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಸಾಲೇ ಮಾಯ. ರಂಜಕದ ಮಾತೂ ಇಲ್ಲ. ಬಿಓಡಿ ಮಿತಿಯನ್ನೂ 10ರಿಂದ ಮಹಾನಗರಗಳಿಗೆ 20, ಉಳಿದ ಕಡೆ 30 ಅಂತ ಸಡಿಲಿಸಿದ್ದರು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಒಪ್ಪದೆ, ಮಹಾನಗರಗಳಲ್ಲಿ ಸಾರಜನಕ 10, ಕೆರೆಕುಂಟೆಗೆ ಬಿಡುವ ನೀರಿನಲ್ಲಿ ರಂಜಕ 1 ಮಿಲಿಗ್ರಾಂ ಎಂದಿತು. ಹಳೆಯ ಘಟಕಗಳಿಗೂ ಇದೇ ಲೆಕ್ಕ.

ನಮ್ಮಲ್ಲಿ ಮಿತಿ ಜಾರಿ ಮಾಡಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಪಾಲಿಸಬೇಕಾದದ್ದು ಬೆಂಗಳೂರಲ್ಲಿ ಜಲಮಂಡಳಿ, ಉಳಿದ ಊರುಗಳಲ್ಲಿ ನಗರಸಭೆಗಳು. ಪಾಲಿಸಬೇಕಾದವರ ಉತ್ತರ ಎಲ್ಲಾ ಕಡೆ ಹೆಚ್ಚೂಕಡಿಮೆ ಒಂದೇ: ದುಡ್ಡಿಲ್ಲ, ಜಾಗವಿಲ್ಲ, ಘಟಕ ಕಟ್ಟಿದ್ದೇ ಹಳೆಯ ಮಿತಿಗೆ.

ಇದು ಬರೀ ನೆಪ ಅಂತ ನಾವು ಹೇಳಲ್ಲ. ಮಾಮೂಲಿ ಘಟಕದಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸಿದರೆ ಬಿಓಡಿ ಇಳಿಯುತ್ತೆ, ರಂಜಕ ಬಹುಪಾಲು ಹಾಗೇ ಹರಿದುಹೋಗುತ್ತೆ. ಅದನ್ನು ಹಿಡಿಯೋಕೆ ಆಲಂ ಅಥವಾ ಫೆರಿಕ್ ಕ್ಲೋರೈಡ್ ಬೇಕು. ಅದರಿಂದ ಕೆಸರು ಹೆಚ್ಚುತ್ತೆ, ಆ ಕೆಸರು ಸಾಗಿಸೋಕೆ ಮತ್ತೆ ಲಾರಿ. ಸಾರಜನಕಕ್ಕೆ ಆಮ್ಲಜನಕವಿಲ್ಲದ ಇನ್ನೊಂದು ತೊಟ್ಟಿ ಕಟ್ಟಬೇಕು. ಬೆಂಗಳೂರಿನಲ್ಲಿ ಆ ಜಾಗದ ಬೆಲೆ ಏನು ಅಂತ ಕೇಳಲೇಬೇಡಿ. ಇನ್ನೊಂದು ಮಾತೂ ನಿಜ: ಪಕ್ಕದ ಕಾಲುವೆಯಲ್ಲಿ ಶುದ್ಧೀಕರಿಸದ ಕೊಳಚೆಯೇ ಕೆರೆಗೆ ಇಳಿಯುತ್ತಿರುವಾಗ, ಘಟಕದ ನೀರಿನ ರಂಜಕವನ್ನು 1ಕ್ಕೆ ಇಳಿಸಲು ಕೋಟಿ ಸುರಿಯುವುದು ತೂತು ಬಿಂದಿಗೆಗೆ ಕಲಾಯಿ ಹಾಕಿದ ಹಾಗೆ.

ಹಾಗಾದರೆ ಮೊದಲು ತೂತು ಮುಚ್ಚಿ, ವರ್ಷಗಳ ಗಡುವು ಕೇಳಿ, ಸರ್ಕಾರದ ಹತ್ತಿರ ದುಡ್ಡು ಕೇಳಿ. ನಾವೂ ನಿಮ್ಮ ಪರ ಬರೀತೀವಿ. ಆದರೆ ಮಿತಿಯೇ ಬೇಡ ಅನ್ನೋದು ಬೇರೆ ಮಾತು. ಮಿತಿ ಇಲ್ಲದಿದ್ದರೆ ಅಳೆಯುವ ಹೊಣೆ ಯಾರಿಗೂ ಇರಲ್ಲ. ಅಳೆಯದ್ದನ್ನು ಮುಂದಿನ ಟೆಂಡರ್‌ನಲ್ಲಿ ಯಾರು ಬರೀತಾರೆ? ಮತ್ತೆ ಅದೇ ಹಳೇ ಘಟಕ, ಮತ್ತೆ ಅದೇ "ಇದನ್ನು ಕಟ್ಟಿದ್ದೇ ಹಳೆಯ ಮಿತಿಗೆ".

ಬೆಳ್ಳಂದೂರಿನ ನೊರೆಗೆ ಮುಖ್ಯ ಕಾರಣ ಸೋಪಿನ ರಾಸಾಯನಿಕ, ರಂಜಕ ಅಲ್ಲ. ಇದನ್ನು ನಾವೂ ತಪ್ಪು ತಿಳಿದಿದ್ದೆವು. ಆದರೆ ಕೆರೆ ಮುಚ್ಚುವಷ್ಟು ಜೊಂಡು, ಅಂತರಗಂಗೆ ಬೆಳೆಯೋದು ರಂಜಕ, ಸಾರಜನಕ ತಿಂದೇ. ಇಷ್ಟಾದರೂ ಕೆರೆ ಒಬ್ಬರದು, ಕಾಲುವೆ ಇನ್ನೊಬ್ಬರದು, ಕೊಳಚೆ ಮತ್ತೊಬ್ಬರದು. 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ, ಆಗಿನ ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಅಷ್ಟು ದುಡ್ಡಿಗೆ ಎಷ್ಟು ಆಲಂ ಬರುತ್ತಿತ್ತೋ.

ಈ ನೀರು ಬೆಂಗಳೂರಲ್ಲೇ ನಿಲ್ಲಲ್ಲ ಅನ್ನೋದೂ ನೆನಪಿರಲಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. 2018ರ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಕಂಡಿತು. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಅಲ್ಲಿನವರು ಕೇಳುತ್ತಲೇ ಇದ್ದಾರೆ. ನಮ್ಮ ತಂಡದ ಕೋಲಾರದ ಗೆಳೆಯ ಹೇಳೋ ಪ್ರಕಾರ, ಊರಲ್ಲಿ ಬೋರ್‌ವೆಲ್‌ಗೆ ನೀರು ಬಂತು ಅಂತ ಖುಷಿ ಪಡೋರೂ ಇದ್ದಾರೆ, ಅದನ್ನು ಕುಡಿಯೋಕೆ ಹೆದರೋರೂ ಇದ್ದಾರೆ, ಎಷ್ಟೋ ಸಲ ಇಬ್ಬರೂ ಒಂದೇ ಮನೆಯವರು. ಅದೇ ರಂಜಕ ರಾಗಿ ಹೊಲಕ್ಕೆ ಬಿದ್ದರೆ ಗೊಬ್ಬರ, ಕೆರೆಯಲ್ಲಿ ನಿಂತರೆ ಪಾಚಿ. ಯಾವ ಕೆರೆಗೆ ಎಷ್ಟು ಹೋಗ್ತಿದೆ ಅಂತ ಅವರಿಗೆ ಗೊತ್ತಾಗಬೇಕಾದರೆ ಯಾರಾದರೂ ಅಳೆದು ಬರೆದಿಡಬೇಕು.

ಬೇರೆಯವರಿಗೆ ಹೇಳೋ ಮುಂಚೆ ನಮ್ಮ ಹಾಸ್ಟೆಲ್ ಹಿಂದೆಯೂ ಒಂದು ಎಸ್‌ಟಿಪಿ ಇದೆಯಲ್ಲ? ಈ ಸೆಮಿಸ್ಟರ್ ಪ್ರತಿ ಸೋಮವಾರ ಅದರ ನೀರು ಪರೀಕ್ಷೆ ಮಾಡಿ, ಬಂದ ಅಂಕಿಯನ್ನು ಮೆಸ್ ಮೆನು ಪಕ್ಕದ ಬೋರ್ಡಿನಲ್ಲಿ ಹಾಕೋಕೆ ಅನುಮತಿ ಕೇಳಿದ್ದೇವೆ. ವಾರ್ಡನ್ ಸರ್ ಇನ್ನೂ ಯೋಚನೆ ಮಾಡ್ತಿದ್ದಾರೆ.