ನಾಗವಲ್ಲಿಗೆ ದೆವ್ವದ ಪಟ್ಟ ಕಟ್ಟಿದ್ದು ಯಾರು?

ಮೊದಲೇ ಹೇಳಿಬಿಡ್ತೀನಿ, ನಾನು ವಿಷ್ಣುವರ್ಧನ್ ಅಭಿಮಾನಿ. ಕಲ್ಲು ಹೊಡೆಯೋ ಮುಂಚೆ ದಯವಿಟ್ಟು ಪೂರ್ತಿ ಓದಿ :-)

ಟೀವಿಯಲ್ಲಿ 'ಆಪ್ತರಕ್ಷಕ' ಬಂದಾಗಲೆಲ್ಲ ನಮ್ಮ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಒಂದೇ ತೀರ್ಪು: "'ಆಪ್ತಮಿತ್ರ'ಕ್ಕಿಂತ ಎರಡನೇದೇ ಸೂಪರ್ ಕಣ್ರೀ, ಇದ್ರಲ್ಲಿ ನಿಜವಾದ ದೆವ್ವ ಇದೆ!" ಬೆಂಗಳೂರಲ್ಲಿರೋ, ಓದಿಕೊಂಡ ಗೆಳೆಯರೂ ಹೆಚ್ಚುಕಡಿಮೆ ಇದನ್ನೇ ಹೇಳ್ತಾರೆ. ನನ್ನ ತಕರಾರು ಈ 'ನಿಜವಾದ ದೆವ್ವ'ದ ಮೇಲೆ.

2004ರ 'ಆಪ್ತಮಿತ್ರ'ದ ತಾಕತ್ತು ಏನಿತ್ತು? ಮಲಯಾಳದ 'ಮಣಿಚಿತ್ರತ್ತಾಳ್' (1993) ಕಥೆಯನ್ನ ಪಿ. ವಾಸು ಕನ್ನಡಕ್ಕೆ ತಂದ್ರು. ಸಿನಿಮಾ ಪೂರ್ತಿ ದೆವ್ವ ದೆವ್ವ ಅಂತ ಹೆದರಿಸಿ, ಕೊನೆಗೆ ಡಾಕ್ಟರ್ ವಿಜಯ್ ಬಾಯಲ್ಲಿ ಹೇಳಿಸಿದ್ದು: ಇದು ದೆವ್ವ ಅಲ್ಲ, ಗಂಗಾಳ ಮನಸ್ಸಿಗೆ ಬಂದ ಕಾಯಿಲೆ. ಮಂತ್ರ ಹೇಳೋ ಆಚಾರ್ಯರೇ ಡಾಕ್ಟರ ಜತೆ ಕೈಜೋಡಿಸ್ತಾರೆ. ಗಂಡ ಹೆಂಡತಿಯ ಕೈ ಬಿಡೋದಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಸೌಂದರ್ಯ, ಆ ಪಾತ್ರದಲ್ಲಿ ಕಾಯಿಲೆಯ ಸಂಕಟಾನ ನಮ್ಮ ಮುಂದೆ ಇಟ್ಟು ಹೋದ್ರು.

ಹಾಗಂತ ಅದು ಪಠ್ಯಪುಸ್ತಕ ಅಲ್ಲ. ಒಂದು ರಾತ್ರಿಯ ನಾಟಕದಿಂದ ಯಾರಿಗೂ ಇಂಥ ಕಾಯಿಲೆ ವಾಸಿ ಆಗಲ್ಲ, ತಿಂಗಳುಗಟ್ಟಲೆ ಕೂತು ಮಾತಾಡಬೇಕಾಗುತ್ತೆ. ಆದ್ರೂ ಅದು ಕಾಯಿಲೆಯನ್ನ ಕಾಯಿಲೆ ಅಂತ ಕರೀತು. ಅಷ್ಟು ಸಾಕಿತ್ತು.

2010ರಲ್ಲಿ ಅದೇ ನಿರ್ದೇಶಕರು, ಅದೇ ಡಾಕ್ಟರು. ಆದ್ರೆ ಈ ಸಲ ಪಟ ಹೋದಲ್ಲೆಲ್ಲ ಅನಾಹುತ, ಯಾವತ್ತೋ ಸಾಯಬೇಕಿದ್ದ ರಾಜ ಇನ್ನೂ ಬದುಕಿದ್ದಾನೆ! ಮನಸ್ಸಿನ ಗಂಟು ಬಿಚ್ಚೋದು ಬಿಟ್ಟು ಕಥೆ ಮಾಟಮಂತ್ರದ ಬೆನ್ನು ಹತ್ತಿತು. ಮೊದಲ ಭಾಗ ಕಟ್ಟಿದ್ದನ್ನ ಎರಡನೇದು ಕೆಡವಿತು, ನಾವು ಶಿಳ್ಳೆ ಹೊಡೆದ್ವಿ.

"ಅದು ವಿಷ್ಣು ಕೊನೇ ದಿನಗಳ ಚಿತ್ರ ಕಣಯ್ಯಾ" ಅಂತೀರಿ. ಒಪ್ಪಿದೆ. 2009ರ ಡಿಸೆಂಬರ್ 30ಕ್ಕೆ ಅವರು ಹೋದ್ರು, ಫೆಬ್ರವರಿಯಲ್ಲಿ ಸಿನಿಮಾ ಬಂತು, ಜನ ಅತ್ತರು. ಆ ಕಣ್ಣೀರು ಅವರಿಗೆ ಸಲ್ಲಲಿ, ಕಥೆಗೆ ಯಾಕೆ ಸಲ್ಲಬೇಕು?

"ಸಿನಿಮಾನ ಸಿನಿಮಾ ತರ ನೋಡಪ್ಪಾ" ಅನ್ನೋರಿಗೆ ಒಂದು ಮಾತು. ನೀವು ಸಿನಿಮಾ ಮುಗಿಸಿ ಲೈಟ್ ಆರಿಸಿ ಮಲಗ್ತೀರಿ. ನಮ್ಮ ಕಡೆ ಹಳ್ಳಿಗಳಲ್ಲಿ ಸೊಸೆ ಒಬ್ಬಳು ಬೇರೆ ದನಿಯಲ್ಲಿ ಮಾತಾಡಿದ್ರೆ ಮೊದಲು ಬರೋದು ನಿಂಬೆಹಣ್ಣು, ಆಮೇಲೆ ತಾಯಿತ, ಹಣೆಬರಹ ಕೆಟ್ಟಿದ್ರೆ ಬೇವಿನ ಬರಲು, ಮೆಣಸಿನಕಾಯಿ ಹೊಗೆ. ಹಾಸನದ ಬಸ್ಸು ಹತ್ತಿ ಡಾಕ್ಟರ ಹತ್ರ ಹೋಗೋದು ಎಲ್ಲಕ್ಕಿಂತ ಕೊನೆಗೆ. ದೆವ್ವ ಬಿಡಿಸೋ ನೆಪದಲ್ಲಿ ಹೊಡೆಯೋದು ತಪ್ಪು ಅಂತ ಕರ್ನಾಟಕ 2017ರಲ್ಲಿ ಕಾಯಿದೆಯನ್ನೇ ಮಾಡಬೇಕಾಯ್ತು. 'ಮೈಮೇಲೆ ಬರೋದು' ಕೂಡ ಕಾಯಿಲೆ ಆಗಿರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಬರೆದಿದೆ. ಆ ಸೊಸೆಯ ಮನೆಯವರು ನಿಮ್ಹಾನ್ಸ್ ಹೆಸರು ಕೇಳಿರ್ತಾರೋ ಇಲ್ವೋ, ನಾಗವಲ್ಲಿ ಹೆಸರಂತೂ ಕೇಳಿರ್ತಾರೆ.

ಹಾಗಾಗಿ ಎರಡನೇ ಭಾಗ ಚೆನ್ನಾಗಿದೆ ಅನ್ನಿ, ಬೇಡ ಅನ್ನಲ್ಲ. ವಿಷ್ಣು ನಟನೆ ಚೆನ್ನಾಗಿದೆ, ಹಾಡು ಚೆನ್ನಾಗಿದೆ ಅನ್ನಿ. "ದೆವ್ವ ಇದೆ, ಅದಕ್ಕೇ ಚೆನ್ನಾಗಿದೆ" ಅಂತ ಮಾತ್ರ ಅನ್ನಬೇಡಿ. ಮೂರನೇ ಭಾಗ ಯಾರಾದ್ರೂ ಮಾಡೋದಾದ್ರೆ ಆ ಹಳೇ ಡಾಕ್ಟರನ್ನ ವಾಪಸ್ ಕರೆಸಲಿ. ಅಲ್ಲೀವರೆಗೆ ಮನೇಲಿ ಯಾರಿಗಾದ್ರೂ ಹಾಗಾದ್ರೆ 14416 ಇದೆ, ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ಈಗ ಬೈಯೋರು ಬೈಯಬಹುದು..